ಚೌಕುಳಿ ಗಾಜಿನಲ್ಲಿ ಕಂಡದ್ದು

ನಾನು ಎರಡು ಕಣ್ಣಿನ ಕ್ಯಾಮೆರಾ. ನನ್ನ ಕಣ್ಣುಗಳು ಅಕ್ಕಪಕ್ಕ ಇಲ್ಲ, ಒಂದರ ಕೆಳಗೊಂದು ಇವೆ. ಕೆಳಗಿನದು ಫಿಲ್ಮಿನ ಮೇಲೆ ಬರೆದಿಡುತ್ತದೆ. ಮೇಲಿನದಕ್ಕೆ ಕಂಡದ್ದು ಒಳಗಿನ ಕನ್ನಡಿಗೆ ಬಡಿದು ನನ್ನ ನೆತ್ತಿಯ ಮೇಲಿನ ಗಾಜಿನಲ್ಲಿ ಮೂಡುತ್ತದೆ. ಫೋಟೊ ತೆಗೆಯುವವರು ನನ್ನನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಆ ಗಾಜನ್ನು ನೋಡಬೇಕು. ಹಾಗಾಗಿ ನನ್ನ ಮುಂದೆ ತಲೆ ತಗ್ಗಿಸದೆ ಯಾರಿಗೂ ಫೋಟೊ ಸಿಕ್ಕಿಲ್ಲ. ಈ ಜಂಬ ನನಗೆ ಮೊದಲಿನಿಂದಲೂ ಇದೆ.

ನಾನು ಹುಟ್ಟಿದ್ದು ದೂರದ ಚಳಿನಾಡಿನ ಒಂದು ಕಾರ್ಖಾನೆಯಲ್ಲಿ. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿ ರೈಲ್ವೆಯ ಒಬ್ಬ ಎಂಜಿನಿಯರರ ಕೈ ಸೇರಿದೆ. ಅವರು ಹನ್ನೊಂದು ವರ್ಷ ನನ್ನಿಂದ ಬರೀ ಸೇತುವೆಗಳ ಫೋಟೊ ತೆಗೆಸಿದರು. ಕಲ್ಲು, ಕಬ್ಬಿಣ, ಕೆಳಗೆ ನೀರು. ಜಗತ್ತೆಂದರೆ ಇಷ್ಟೇ ಎಂದುಕೊಂಡಿದ್ದೆ. ನಿವೃತ್ತರಾದಾಗ ಅವರು ನನ್ನನ್ನು ಗದಗ-ಬೆಟಗೇರಿಯ ವಿಠ್ಠಲಸಾ ಬಾಕಳೆಯವರಿಗೆ ಮಾರಿದರು. ಮಗ್ಗಗಳ ಸದ್ದಿನ ಓಣಿಯಲ್ಲಿ, ಮಹಡಿಯ ಮೇಲೆ ಅವರ ಸ್ಟುಡಿಯೊ. ಮೊದಲ ದಿನವೇ ನನ್ನೆದುರು ಒಂದು ಕೂಸನ್ನು ಕೂರಿಸಿದರು. ಅದು ಬಾಯಿ ತೆರೆದು ಕಿರುಚಿತು. ಸೇತುವೆ ಎಂದಾದರೂ ಕಿರುಚಿದ್ದುಂಟೆ? ನಾನು ಗಾಬರಿಯಾಗಿ ಸ್ಟ್ಯಾಂಡಿನ ಮೇಲೆಯೇ ನಡುಗಿದೆ.

ವಿಠ್ಠಲಸಾ ಫೋಟೊ ತೆಗೆಯುವುದಕ್ಕಿಂತ ಅದನ್ನು ತಿದ್ದುವುದರಲ್ಲಿ ಹೆಸರಾದವರು. ಕಿಟಕಿಯ ಹತ್ತಿರದ ಇಳಿಜಾರು ಮೇಜಿನ ಮೇಲೆ ನೆಗೆಟಿವ್ ಇಟ್ಟು, ಎಡಗಣ್ಣಿಗೆ ಭೂತಗನ್ನಡಿ ಹಿಡಿದು, ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಮುಟ್ಟಿಯೂ ಮುಟ್ಟದ ಹಾಗೆ ಗೀಚುತ್ತಿದ್ದರು. ಮದುವೆಗೆ ಬಂದ ಹುಡುಗಿಯರ ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಮಾಯ. ಬಂದವರ ಜೊತೆ ಹರಟೆ ಹೊಡೆಯುತ್ತಲೇ ನಾಲ್ಕು ಮುಖ ತಿದ್ದಿ ಮುಗಿಸುತ್ತಿದ್ದರು. ಕೊನೆಕೊನೆಗೆ ಆ ಕೆಲಸ ಕೈಯೇ ಮಾಡುತ್ತಿತ್ತು, ಅವರು ಜೊತೆಗೆ ಕೂತಿರುತ್ತಿದ್ದರು ಅಷ್ಟೆ.

ಅವರ ಹೆಂಡತಿ ತುಳಸಾಬಾಯಿ. ಗಿರಾಕಿಗಳ ತಲೆ ಬಾಚುವುದು, ಪೌಡರ್ ಹಚ್ಚುವುದು, ಬೆಳಕು ಬೀಳಲೆಂದು ಬಿಳಿ ಬಟ್ಟೆಯ ಹಲಗೆ ಹಿಡಿದು ನಿಲ್ಲುವುದು ಎಲ್ಲ ಅವರೇ. ಐವತ್ತು ವರ್ಷ ನನ್ನ ಪಕ್ಕದಲ್ಲೇ ನಿಂತರೂ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಮನೆಮಂದಿಯ ಗುಂಪಿನ ಫೋಟೊದಲ್ಲಿ ಹಿಂದೆ ನಿಂತದ್ದುಂಟು. ಒಬ್ಬರೇ ಬಂದು ಕುರ್ಚಿಯಲ್ಲಿ ಕೂತದ್ದಿಲ್ಲ.

ಕೆಳಗಿನ ಅಂಗಡಿಯನ್ನು ಈಗ ಮಗಳು ಶಕುಂತಲಾ ನಡೆಸುತ್ತಾಳೆ. ಅವಳ ಕ್ಯಾಮೆರಾ ಡಿಜಿಟಲ್. ನಾನು ಮಹಡಿಯ ಮೇಲೆ, ಮುದುಕರ ಜೊತೆ. ಮದುವೆಯಾಗಿ ಐವತ್ತು ವರ್ಷ ತುಂಬುತ್ತ ಬಂದಾಗ ತುಳಸಾಬಾಯಿ ಒಂದು ಮಾತು ಕೇಳಿದರು. ಊರಿನ ಹೆಣ್ಣುಮಕ್ಕಳೆಲ್ಲ ಈ ಕುರ್ಚಿಯಲ್ಲಿ ಕೂತು ಹೋದರು, ತನ್ನದೊಂದು ಫೋಟೊ ಬೇಕು, ಅದನ್ನು ಗಂಡನೇ ಈ ಹಳೇ ಕ್ಯಾಮೆರಾದಲ್ಲಿ ತೆಗೆಯಬೇಕು ಎಂದರು. ಫ್ರಿಜ್ಜಿನಲ್ಲಿ ಒಂದೇ ಒಂದು ರೋಲು ಫಿಲ್ಮ್ ಉಳಿದಿತ್ತು. ವಿಠ್ಠಲಸಾ ಒಪ್ಪಿದರು. ನನ್ನ ಮುಚ್ಚಳ ತೆರೆದು ಬಗ್ಗಿ ನೋಡಿದರು. ಆಮೇಲೆ ಮಗಳನ್ನು ಕರೆದು, ಗಾಜು ಮಬ್ಬಾಗಿದೆ, ಏನೂ ಕಾಣುವುದಿಲ್ಲ, ಹೊಸದು ಹಾಕಿಸಬೇಕು ಎಂದರು.

ನಾನು ದಂಗಾದೆ. ನನ್ನ ಗಾಜು ಮಬ್ಬೆ? ಹುಟ್ಟಿದಂದಿನಿಂದ ಒಂದು ಗೀರೂ ಬೀಳದ ಗಾಜು ಅದು. ಮೂಲೆಗಳಲ್ಲಿ ತುಸು ಕತ್ತಲೆ ಎನ್ನುವುದು ನಿಜ, ನಮ್ಮ ಜಾತಿಗೆಲ್ಲ ಅದು ಇದ್ದದ್ದೇ. ನನಗೆ ಬಾಯಿದ್ದಿದ್ದರೆ ಅಂದೇ ಜಗಳವಾಗುತ್ತಿತ್ತು.

ಶಕುಂತಲಾ ಎಲ್ಲೆಲ್ಲೋ ವಿಚಾರಿಸಿ ಎರಡು ಬಗೆಯ ಗಾಜು ತರಿಸಿದಳು. ಒಂದರ ನಡುವೆ ಚಿಕ್ಕ ಉಂಗುರ. ಎದುರಿನ ವಸ್ತು ಸ್ಪಷ್ಟವಾಗುವ ತನಕ ಆ ಉಂಗುರದೊಳಗೆ ಅದು ಎರಡು ಹೋಳಾಗಿ ಕಾಣುತ್ತದೆ. ಇನ್ನೊಂದರ ಮೇಲೆ ತೆಳುವಾದ ಚೌಕುಳಿ ಗೆರೆಗಳು. ಬೆಳಕು ಎರಡರಲ್ಲೂ ಚೆನ್ನಾಗಿತ್ತು. ಹೋಳಾದದ್ದನ್ನು ಕೂಡಿಸುವುದು ಸುಲಭ, ಉಂಗುರದ್ದೇ ಇರಲಿ ಎಂದಳು ಮಗಳು. ಹೆಂಡತಿಯ ಮುಖವನ್ನು ಎರಡು ಹೋಳು ಮಾಡಿ ನೋಡಲು ವಿಠ್ಠಲಸಾ ಒಪ್ಪಲಿಲ್ಲ. ಚೌಕುಳಿಯದನ್ನು ಆರಿಸಿದರು. ಶಕುಂತಲಾ ನಾಲ್ಕು ತಿರುಪು ಬಿಚ್ಚಿ, ಹಳೆಯದನ್ನು ತೆಗೆದು, ಹೊಸದರ ತರಿತರಿ ಮೈ ಕೆಳಗೆ ಬರುವಂತೆ ಕೂರಿಸಿದಳು. ಮುಚ್ಚಳ ತೆರೆದ ಕೂಡಲೇ ಬೆಳಕು ಒಳಗೆ ಧುಮುಕಿತು. ನಾನು ಹೌಹಾರಿದೆ. ಗೋಡೆಯ ಬಿರುಕು, ಪರದೆಯ ಹೊಲಿಗೆ, ಕುರ್ಚಿಯ ಮೇಲಿನ ಧೂಳು, ಯಾವುದಕ್ಕೂ ಮರೆಯಿಲ್ಲ. ಇಷ್ಟು ಕಾಣುವುದು ಸಭ್ಯತೆಯಲ್ಲ ಎನ್ನಿಸಿತು.

ಮರುದಿನ ಬೆಳಿಗ್ಗೆ ತುಳಸಾಬಾಯಿ ಮದುವೆಯ ಸೀರೆ ಉಟ್ಟು ಬಂದು ಕೂತರು. ಕೊರಳಿಗೆ ಬಿಗಿಯಾಗಿ ಕೂರುವ ಬಂಗಾರದ ಗುಂಡಿನ ಸರ. ಅದು ಕಾಣಲೆಂದು, ಸದಾ ಕತ್ತು ಸುತ್ತಿರುತ್ತಿದ್ದ ಸೆರಗನ್ನು ಸರಿಸಿದ್ದರು. ವಿಠ್ಠಲಸಾ ಬಗ್ಗಿ ಎಂದಿನಂತೆ ಗಾಜಿಗೆ ಬಲಗಣ್ಣು ಇಟ್ಟರು.

“ತುಳಸಾ, ಸರ ಒಂದ ಬಾಜೂ ಮ್ಯಾಲೆ ಏರೇತಿ. ಇಳಸು.”

ಅವರು ಎಳೆದುಕೊಂಡರು. ಗಾಜಿನ ಗೆರೆಗೆ ಹೋಲಿಸಿದರೆ ಸರ ಇನ್ನೂ ಒಂದು ಚೌಕದಷ್ಟು ಮೇಲಿತ್ತು. ಮತ್ತೆ ಹೇಳಿದರು, ಅವರು ಮತ್ತೆ ಎಳೆದರು. ನಾನು ಮೇಲಿನ ಕಣ್ಣಿನಲ್ಲಿ ಅದನ್ನೇ ನೋಡುತ್ತಿದ್ದೆ. ವಿಠ್ಠಲಸಾ ಬೇಸರದಿಂದ ತಾವೇ ಹೋಗಿ ಸರಕ್ಕೆ ಕೈ ಹಾಕಿದರು. ಅವರ ಬೆರಳು ಅಲ್ಲೇ ನಿಂತಿತು. ಸರದ ಕೆಳಗೆ, ಕೊರಳಿನಲ್ಲಿ, ಅಡಿಕೆಗಿಂತ ದೊಡ್ಡ ಗಂಟು.

“ಇದು ಯಾವಾಗಿಂದ ಐತಿ?”

“ಭಾಳ ದಿನಾತು. ನೋಯಂಗಿಲ್ಲ ಅಂತ ಸುಮ್ನಿದ್ದೆ,” ಎಂದರು ತುಳಸಾಬಾಯಿ. “ಮಂದಿ ಮಕಾ ಅಷ್ಟ ನಿಟ್ಟಿಸಿ ನೋಡ್ತೀರಿ. ನನ್ನದು ನಿಮಗ ಕಂಡಿರಬೇಕು, ಹೇಳೂವಂಥಾದ್ದು ಏನೂ ಇರಲಿಕ್ಕಿಲ್ಲ ಅನಕೊಂಡೆ.”

ಅಂದು ಫೋಟೊ ಆಗಲಿಲ್ಲ. ಶಕುಂತಲಾ ಓಡಿ ಬಂದಳು. ಗಂಟು ಹೊಸದೋ ಹಳೆಯದೋ ತಿಳಿಯಲೆಂದು ಹಿಂದಿನ ವರ್ಷ ಅಪ್ಪ ನನ್ನಲ್ಲೇ ತೆಗೆದಿದ್ದ ಮನೆಮಂದಿಯ ಗುಂಪಿನ ಫೋಟೊ ಹುಡುಕಿ ತೆಗೆದಳು. ಅದರಲ್ಲಿ ಸೆರಗು ಜಾರಿ ತುಳಸಾಬಾಯಿಯ ಕೊರಳು ಕಾಣುತ್ತಿತ್ತು. ನುಣ್ಣಗೆ ಇತ್ತು. ಹಾಗಿದ್ದರೆ ಈಚಿನದು ಎಂದು ಮಗಳು ಉಸಿರು ಬಿಟ್ಟಳು, ನಾನೂ ಬಿಟ್ಟೆ.

ವಿಠ್ಠಲಸಾ ಮಾತ್ರ ಸುಮ್ಮನಿರಲಿಲ್ಲ. ಆ ಫೋಟೊದ ನೆಗೆಟಿವ್ ಕೇಳಿ ಪಡೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಹಾಗೆ ಹಿಡಿದರೆ ಪೆನ್ಸಿಲ್ಲಿನ ಗೀಚು ಮಿಂಚುತ್ತದೆ. ತುಳಸಾಬಾಯಿಯ ಕೊರಳಿನಲ್ಲಿ, ಉಗುರಿನ ತುದಿಯಷ್ಟು ಜಾಗ ಮಿಂಚಿತು. ವಿಠ್ಠಲಸಾ ಆ ಜಾಗವನ್ನು ಬೆರಳಿಟ್ಟು ತೋರಿಸಿದರು.

“ನಾನ ಅಳಿಸೀನಿ,” ಎಂದರು.

ನಾನು ಅದನ್ನು ನೋಡಿದ್ದೆ. ನೋಡಿದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದೆ. ಊರಿನ ಹುಡುಗಿಯರ ಮೊಡವೆ ಅಳಿಸಿದ ಕೈ, ಯಾರ ಕೊರಳು ಎಂದೂ ಕೇಳದೆ, ಗಂಟಿನ ನೆರಳನ್ನು ತುಂಬಿ ಸಮ ಮಾಡಿತ್ತು. ಬೇರೆ ಯಾರನ್ನು ಬಯ್ಯಬೇಕೆಂದು ನನಗೆ ತಿಳಿಯಲಿಲ್ಲ.

ಗಂಟು ಕೆಟ್ಟದ್ದೇ ಆಗಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಸಣ್ಣ ಕೆಲಸವಿತ್ತು ಎಂದರಂತೆ ಡಾಕ್ಟರು. ದೊಡ್ಡ ಆಪರೇಷನ್ನೇ ಆಯಿತು. ಜೀವ ಉಳಿಯುತ್ತದೋ ಇಲ್ಲವೋ ಎಂದು ನಾನು ಮುಚ್ಚಳದ ಕೆಳಗೆ ದಿನ ಎಣಿಸಿದೆ. ತುಳಸಾಬಾಯಿ ಮನೆಗೆ ಬಂದರು, ದನಿ ಬರಲಿಲ್ಲ. ಪಿಸುಮಾತಷ್ಟೇ ಉಳಿದಿತ್ತು. ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಮುಂದಿನದನ್ನು ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು.

ಗಾಯ ಮಾಯ್ದ ಮೇಲೆ ಅವರು ಅದೇ ಸೀರೆ ಉಟ್ಟು ಮತ್ತೆ ಬಂದು ಕೂತರು. ಸರ ಹಾಕಿರಲಿಲ್ಲ. ಕೊರಳಿನ ಅಡ್ಡಕ್ಕೆ ಕೆಂಪು ಗೆರೆ. ವಿಠ್ಠಲಸಾ ಹನ್ನೊಂದು ಫೋಟೊ ತೆಗೆದರು. ರೋಲಿನ ಹನ್ನೆರಡರಲ್ಲಿ ಒಂದು ಉಳಿಯಿತು. ತುಳಸಾಬಾಯಿ ಎದ್ದು ಬಂದು, ಗಂಡನನ್ನು ಕುರ್ಚಿಗೆ ಕಳಿಸಿ, ಐವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮುಚ್ಚಳದೊಳಗೆ ಬಗ್ಗಿದರು. ಕಿಟಕಿಯ ಬಿಸಿಲು ವಿಠ್ಠಲಸಾ ಅವರ ಮುಖಕ್ಕೆ ನೇರವಾಗಿ ಬಿದ್ದಿತ್ತು. ತುಳಸಾಬಾಯಿ ಬಹಳ ಹೊತ್ತು ನೋಡಿದರು. ಗುಂಡಿ ಒತ್ತಿದರು. ಆಮೇಲೆ ಅವರ ಹತ್ತಿರ ಹೋಗಿ ಪಿಸುಗುಟ್ಟಿದರು.

“ನಿಮ್ಮ ಬಲಗಣ್ಣಾಗ ಬೆಳ್ಳಗ ಪೊರಿ ಬಂದೇತ್ರೀ. ಹಳೇ ಗಾಜಿಗೆ ಏನೂ ಆಗಿರಲಿಲ್ಲ.”

ನಾನು ಹಿಗ್ಗಬೇಕಿತ್ತು, ನನ್ನ ಮಾತೇ ನಿಜವಾಗಿತ್ತಲ್ಲ. ಹಿಗ್ಗು ಬರಲಿಲ್ಲ. ಅಷ್ಟು ವರ್ಷ ಆ ಕಣ್ಣು ನನ್ನ ನೆತ್ತಿಗೆ ಅಂಟಿಕೊಂಡೇ ಇತ್ತು, ಅದೊಂದು ನನಗೆ ಕಂಡಿರಲಿಲ್ಲ. ನನ್ನೊಳಗೆ ನೋಡುವವರನ್ನು ನಾನು ನೋಡಲಾರೆ ಎಂದು ಆಗ ಹೊಳೆಯಿತು.

ಫಿಲ್ಮ್ ತೊಳೆದಾಯಿತು. ವಿಠ್ಠಲಸಾ ಹೆಂಡತಿಯ ನೆಗೆಟಿವ್ ಅನ್ನು ಇಳಿಜಾರು ಮೇಜಿನ ಮೇಲೆ ಇಟ್ಟರು. ಪೆನ್ಸಿಲ್ ಪಕ್ಕದಲ್ಲೇ ಇತ್ತು. ತುಳಸಾಬಾಯಿ ಕೊರಳಿನ ಗೆರೆ ತೋರಿಸಿ, ಊರ ಮಂದಿಗೆಲ್ಲ ಅಳಿಸೀರಿ, ನಂದೂ ಅಳಸ್ರಿ ಎಂದರು.

“ಒಮ್ಮೆ ಅಳಸೀನಲ್ಲ,” ಎಂದರು ವಿಠ್ಠಲಸಾ. “ಸಾಕು.”

ಈಗ ಫಿಲ್ಮ್ ಮುಗಿದಿದೆ. ನಾನು ಮಹಡಿಯ ಬಾಗಿಲಿಲ್ಲದ ಕಪಾಟಿನಲ್ಲಿದ್ದೇನೆ, ಹಳೇ ಗಾಜು ಕಾಗದದಲ್ಲಿ ಸುತ್ತಿಸಿಕೊಂಡು ನನ್ನ ಪಕ್ಕದಲ್ಲಿದೆ. ಎದುರಿನ ಗೋಡೆಯ ಮೇಲೆ ಕಲೆಯಿಲ್ಲದ ಮದುವಣಗಿತ್ತಿಯರ ಸಾಲು. ಅವರ ನಡುವೆ ಕೊರಳಿನಲ್ಲಿ ಗೆರೆ ಇರುವ ಒಬ್ಬ ಹೆಂಗಸು, ಕಣ್ಣಿನಲ್ಲಿ ಬಿಳಿ ಚುಕ್ಕೆ ಇರುವ ಒಬ್ಬ ಗಂಡಸು. ತುಳಸಾಬಾಯಿ ಬೆಳಿಗ್ಗೆ ಬಂದು ನನ್ನ ಧೂಳು ಒರೆಸುತ್ತಾರೆ, ಮುಚ್ಚಳ ತೆರೆದೇ ಹೋಗುತ್ತಾರೆ. ಆ ಇಬ್ಬರೂ ಇಡೀ ದಿನ ನನ್ನ ಚೌಕುಳಿ ಗಾಜಿನ ಮೇಲೆ ಮೂಡಿರುತ್ತಾರೆ. ನಾಳೆ ತುಳಸಾಬಾಯಿಯನ್ನು ಮತ್ತೆ ಡಾಕ್ಟರಿಗೆ ತೋರಿಸುವ ದಿನ. ಇವತ್ತು ಸಂಜೆ ವಿಠ್ಠಲಸಾ ಹೆಂಡತಿಯನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, ಸೆರಗು ಸರಿಸಿ, ಬರಿಗಣ್ಣಿನಿಂದ ಕೊರಳನ್ನು ನೋಡುತ್ತಿದ್ದಾರೆ.