ಕೆಫೆಯಲ್ಲಿ ಅತ್ತೆ ಮಲಗಿದ್ದು

ಗಂಟಲಕ್ಕನ ಗುಡಿಸಲಿಗೆ ಮಣ್ಣಿನ ಗೋಡೆ. ಉಪ್ಪುಗಾಳಿಗೆ ಮಣ್ಣು ಉದುರಿದಲ್ಲೆಲ್ಲ ಒಡೆದ ದೋಣಿಯ ಹಲಗೆ. ಮೇಲೆ ಒಣಗರಿ, ಗರಿ ಸಾಲದ ಕಡೆ ಹಳೇ ಹಾಯಿಬಟ್ಟೆಯ ತೇಪೆ. ಮಳೆ ಬಂದರೆ ಸೋರದ ಜಾಗ ಹುಡುಕಿ ಅತ್ತೆಯ ಹಾಸಿಗೆ ಎಳೆಯುವುದೇ ಕೆಲಸ. ಎಳೆಯುತ್ತ ಸೊಸೆ ಬೈಯುವಳು, ಮಲಗಿದಲ್ಲಿಂದಲೇ ಅತ್ತೆ ತಿರುಗಿ ಬೈಯುವಳು.

ಬುಟ್ಟಿ ಹೊತ್ತು ಬೀದಿಬೀದಿ ಕೂಗಿ ಮೀನು ಮಾರುವವಳಿಗೆ ಗಂಟಲೊಂದೇ ಆಸ್ತಿ. ಹೆತ್ತವರಿಟ್ಟ ಹೆಸರನ್ನು ಕೇರಿ ಎಂದೋ ಮರೆತಿತ್ತು.

ಒಂದು ದಿನ ಕಟ್ಟಡದ ನಕ್ಷೆ ಬರೆಯುವವನೊಬ್ಬ ಬಂದ. ಯಾರೋ ಧಣಿ ಕಡಲ ದಂಡೆಯಲ್ಲಿ ಕೆಫೆ ಕಟ್ಟಿಸುತ್ತಾನಂತೆ. ಅದು ಇಲ್ಲಿನ ಮನೆಗಳ ಹಾಗೇ ಇರಬೇಕಂತೆ.

"ಅಬ್ಬಾ, ಈ ತೇಪೆ! ಇದನ್ನ ಯೋಚನೆ ಮಾಡಿದ್ದು ಯಾರಮ್ಮ?"

"ಯೋಚನೆ ಯಾರ್ ಮಾಡ್ತಾರೆ ಸ್ವಾಮಿ? ಸೋರ್ತು, ಹಚ್ಚಿದ್ವಿ."

"ಗೋಡೇಲಿ ಈ ಬಿರುಕು?"

"ತಾನಾಗೇ ಬಂತು. ಬೇಕಿದ್ರೆ ತಗೊಂಡು ಹೋಗಿ."

ಅವನು ನಗಲಿಲ್ಲ, ಬರೆದುಕೊಂಡ. ಟೇಪು ಹಿಡಿದು ಮೂಲೆಮೂಲೆ ಅಳೆದ. ಹೋಗುವಾಗ ಕೈಮುಗಿದ. "ನೀವು ನಮ್ಮ ಪರಂಪರೆ ಅಮ್ಮ!"

"ನೋಡೇ," ಅಂದಳು ಅತ್ತೆ, "ಇಷ್ಟು ದಿನ ನಾವು ಬರೀ ಬಡವರು ಅಂದ್ಕೊಂಡಿದ್ದೆ."

ಅವನ ಬೆನ್ನಿಗೇ ಅಧಿಕಾರಿ ಬಂದ. "ಇದು ಕಡಲಿಗೆ ತೀರ ಹತ್ತಿರ. ಅಪಾಯ. ಎಲ್ಲ ಖಾಲಿ ಮಾಡಿ." ಕೇರಿಗೆ ಕೇರಿಯನ್ನೇ ರಸ್ತೆಯಾಚೆಯ ತಗಡಿನ ಕೋಣೆಗಳಿಗೆ ಸಾಗಿಸಿದರು. ಹಗಲು ಒಳಗೆ ಕೂತರೆ ಕಾದ ಬಾಣಲೆಯಲ್ಲಿ ಕೂತಂತೆ. ಕಡಲ ಸದ್ದಿಲ್ಲದೆ ಅತ್ತೆಗೆ ನಿದ್ದೆಯೇ ಹತ್ತದು.

ಗುಡಿಸಲು ಕೆಡವಿದ ಜಾಗದಲ್ಲೇ ಕೆಫೆ ಎದ್ದಿತು. ಅದೇ ಅಳತೆ, ಅದೇ ಬಾಗಿಲು. ಹೊಸ ಬಟ್ಟೆ ಹರಿದು ತೇಪೆ ಹಚ್ಚಿದ್ದರು. ಗಟ್ಟಿ ಗೋಡೆಗೆ ಬಣ್ಣದಲ್ಲಿ ಬಿರುಕು ಬಿಡಿಸಿದ್ದರು. ಹಲಗೆಗಳು ಮಾತ್ರ ಗಂಟಲಕ್ಕನವೇ.

"ಉರಿಯೋ ಮನೇಲಿ ಗಳ ಹಿರಿಯೋರನ್ನ ಕಂಡಿದ್ದೆ," ಅಂದಳು ಅವಳು. "ಉರೀದೇ ಇರೋ ಮನೇಲೂ ಹಿರೀತಾರೆ ಅಂತ ಈಗ ಗೊತ್ತಾಯ್ತು."

ನಾಳೆ ಬರೋ ಗಿರಾಕಿಗಳಿಗೆ ಮೀನಿನ ವಾಸನೆ ಆಗದೆಂದು ದೋಣಿಗಳನ್ನೂ ದೂರ ಅಟ್ಟಿದರು. ಬುಟ್ಟಿ ಬರಿದಾಯಿತು. ಹೊಟ್ಟೆ ಕೇಳಬೇಕಲ್ಲ, ಗಂಟಲಕ್ಕ ಅದೇ ಕೆಫೆಯ ಹಿತ್ತಲಲ್ಲಿ ಪಾತ್ರೆ ತೊಳೆಯಲು ಸೇರಿದಳು. ಗಿರಾಕಿಗಳ ಮುಂದೆ ಬಾಯಿ ಬಿಡಬಾರದು, ಅದೊಂದೇ ಷರತ್ತು.

ಕೆಫೆ ತೆರೆದ ದಿನ ಅಧಿಕಾರಿಯೇ ಮುಖ್ಯ ಅತಿಥಿ. ನಕ್ಷೆಯವನೂ ಬಂದಿದ್ದ. ಲೋಟ ತಂದಿಟ್ಟ ಗಂಟಲಕ್ಕನಿಗೆ ತಡೆಯಲಾಗಲಿಲ್ಲ.

"ಕಡಲು ಹಿಂದಕ್ಕೆ ಹೋಯ್ತಾ ಸಾಹೇಬ್ರೇ?"

"ಇದು ತಾತ್ಕಾಲಿಕ ಕಟ್ಟಡ ಕಣಮ್ಮ. ಯಾವಾಗ ಬೇಕಾದ್ರೂ ಬಿಚ್ಚಬಹುದು."

"ನಮ್ದೂ ತಾತ್ಕಾಲಿಕಾನೇ. ತಾತನ ಕಾಲದಿಂದ."

ಧಣಿ ಹಲ್ಲು ಕಡಿದ. ಅಷ್ಟರಲ್ಲಿ ಕೋಲೂರುತ್ತ ಅತ್ತೆ ಬಂದಳು. ಕಂಕುಳಲ್ಲಿ ಚಾಪೆ. ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಒಳಗೆ ನಡೆದು, ಒಂದು ಮೂಲೆಯಲ್ಲಿ ಚಾಪೆ ಬಿಡಿಸಿ ಮಲಗಿದಳು.

"ಎಷ್ಟು ಸಹಜವಾಗಿದೆ!" ಎಂದು ಅತಿಥಿಗಳು ಫೋಟೋ ಹೊಡೆದರು. ಮುದುಕಿ ಗೊರಕೆ ಶುರುವಿಟ್ಟಾಗ ಮಾತ್ರ ಇದು ಅಲಂಕಾರವಲ್ಲ ಎಂದು ಅನುಮಾನ ಬಂತು.

"ಎಬ್ಬಿಸು ಇವಳನ್ನ!" ಧಣಿ ಸಿಡುಕಿದ. "ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ."

ಗಂಟಲಕ್ಕ ಪಕ್ಕದಲ್ಲಿ ಕೂತಳು. ಈ ಕೆಲಸ ಹೋದರೆ ಒಲೆ ಉರಿಯದು. "ಏಳ್ತೀರಾ ಅತ್ತೆ?"

"ನಿನ್ನ ಗಂಡನ್ನ ಇದೇ ಮೂಲೇಲಿ ಹೆತ್ತೆ," ಅತ್ತೆ ಕಣ್ಣು ತೆರೆಯದೆ ಅಂದಳು. "ಕಡಲಿಂದ ಅವನ ಹೆಣ ತಂದಾಗ ಇಲ್ಲೇ ಮಲಗಿಸಿದ್ವಿ. ಬಹಳ ದಿನ ಆಯ್ತು ಕಣೇ ನಿದ್ದೆ ಬಂದು."

ಸೊಸೆಯ ಬಾಯಿಗೆ ಮೊದಲ ಸಲ ಬೈಗುಳ ಬರಲಿಲ್ಲ. ಮೇಲೆದ್ದಳು. ಒದ್ದೆ ಕೈಯನ್ನು ಹೊಸ ತೇಪೆಗೆ ಒರೆಸಿದಳು. ಬಾಗಿಲಿಗೆ ಬಂದು, ಬುಟ್ಟಿ ಬರಿದಾದಾಗಿನಿಂದ ಅದುಮಿಟ್ಟ ಗಂಟಲು ಬಿಚ್ಚಿದಳು.

"ಬನ್ರೋ! ಬನ್ರೇ! ಚಾಪೆ ತಗೊಂಡು ಬನ್ನಿ! ನಮ್ಮನೆ ರಿಪೇರಿ ಮುಗೀತು!"

ರಸ್ತೆಯಾಚೆ ತಗಡಿನ ಬಾಗಿಲುಗಳು ಒಂದೊಂದೇ ತೆರೆದವು. ಚಾಪೆ, ಕೊಡ, ಕಂಕುಳ ಕೂಸು, ಬಲೆಗಳೆಲ್ಲ ರಸ್ತೆ ದಾಟಿದವು. ಅತಿಥಿಗಳು ಲೋಟ ಬಿಟ್ಟು ಎದ್ದರು. ಎಲ್ಲರಿಗಿಂತ ಮೊದಲು ಅಧಿಕಾರಿ ಮಾಯ. ಧಣಿ ಪೊಲೀಸರಿಗೆ ಫೋನು ಮಾಡಲು ಹೊರಗೋಡಿದ.

ನಕ್ಷೆಯವನು ಯಾವ ಕಡೆ ನಿಲ್ಲಬೇಕೆಂದು ತೋಚದೆ ಹೊಸ್ತಿಲ ಮೇಲೇ ಉಳಿದಿದ್ದ.

"ಒಳಗೋ, ಹೊರಗೋ? ಬೇಗ ಹೇಳಿ ಸ್ವಾಮಿ," ಅಂದಳು ಗಂಟಲಕ್ಕ.

ಅವನು ಒಳಗೆ ನೋಡಿದ, ಹೊರಗೆ ನೋಡಿದ, ಹೊರಗೆ ಇಳಿದ.

ಅವಳು ಬಾಗಿಲು ಹಾಕಿ ಅಗಣಿ ಜಡಿದಳು.