ಮೊಡವೆ ಮಾತ್ರೆ ಮತ್ತು ಅಮ್ಮನ ಕಾಲು

ಮೂವತ್ತಮೂರನೇ ವಯಸ್ಸಿನಲ್ಲಿ ಮುಖದ ತುಂಬ ಮೊಡವೆ ಇಟ್ಟುಕೊಂಡು ತಿರುಗುವುದು ಏನೆಂದು ತಿರುಗಿದವರಿಗೇ ಗೊತ್ತು. ಹದಿನಾರರಲ್ಲಿ ಬಂದರೆ ಪ್ರಾಯ ಅನ್ನುತ್ತಾರೆ, ನಕ್ಕು ಬಿಡುತ್ತಾರೆ. ಮೂವತ್ತು ದಾಟಿದವಳಿಗೆ ಬಂದರೆ ಊರಿನವರೆಲ್ಲ ಡಾಕ್ಟರಾಗುತ್ತಾರೆ. ನಾನು ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು ನನ್ನ ಗಲ್ಲ ಹಿಡಿದು ತಿರುಗಿಸಿ, "ಹೊಟ್ಟೆ ಕ್ಲೀನಾಗಲ್ವೇನೇ ನಿಂಗೆ?" ಎಂದು ಎಲ್ಲರೆದುರು ಕೇಳಿದ್ದುಂಟು. ನಾನು ಕ್ಲರ್ಕಾಗಿರುವ ಕಾಲೇಜಿನಲ್ಲಿ ಫೀಸು ಕಟ್ಟಲು ಬಂದ ಹುಡುಗಿ ಕಿಟಕಿಯಾಚೆಯಿಂದ, "ಟೂತ್‌ಪೇಸ್ಟ್ ಹಚ್ಚಿ ನೋಡಿ ಮೇಡಂ" ಎಂದಿದ್ದಳು. ರಸೀದಿ ಹರಿದು ಕೈಗೆ ಕೊಟ್ಟು ಕಳಿಸಿದೆ.

ಮನೆಯ ಕಥೆ ಕೇಳುವುದೇ ಬೇಡ. ರವೀಂದ್ರನಗರದ ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಕಡಲೆಹಿಟ್ಟು ಅಡುಗೆಗಿಂತ ನನ್ನ ಮುಖಕ್ಕೇ ಹೆಚ್ಚು ಖರ್ಚಾಗಿದೆ. ಅಮ್ಮ ಗಂಧ ತೇದಳು, ಬೇವು ಅರೆದಳು, ಅರಿಶಿನ ಬಳಿದಳು. ಸಂಸ್ಕೃತ ಮೇಷ್ಟ್ರಾಗಿ ರಿಟೈರಾದ ಅಪ್ಪ ಜಾತಕ ತೆಗೆದು ಸರ್ಪದೋಷ ಎಂದರು. ಅದಕ್ಕೂ ಶಾಂತಿ ಮಾಡಿಸಿದರು. ಸರ್ಪಕ್ಕೆ ಸಮಾಧಾನವಾಯಿತೇನೋ, ಮೊಡವೆಗೆ ಆಗಲಿಲ್ಲ. ಹುಡುಗನ ಕಡೆಯವರು ನೋಡಲು ಬಂದರೆ ಅಮ್ಮ ನನ್ನನ್ನು ಟ್ಯೂಬ್‌ಲೈಟಿಗೆ ಬೆನ್ನು ಮಾಡಿ ಕೂರಿಸುತ್ತಿದ್ದಳು. "ಮದುವೆ ಆದ್ರೆ ತಾನಾಗೇ ಹೋಗತ್ತೆ" ಎಂದು ಇವಳು ಹೇಳುವುದು, ಮೊಡವೆ ನೋಡಿ ಅವರು ಎದ್ದುಹೋಗುವುದು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿದಂತಿತ್ತು.

ಎರಡು ಸಾವಿರದ ಆರರ ಜೂನ್‌ನಲ್ಲಿ ಚರ್ಮದ ಡಾಕ್ಟರ್ ದಾಕ್ಷಾಯಣಿಯವರ ಹತ್ತಿರ ಹೋದೆ. ಬೇಡವೆಂದರೂ ಅಮ್ಮ ಜೊತೆಗೆ ಬಂದಳು. ಅದಕ್ಕೂ ಮುಂಚೆ ಬೇರೆ ಇಬ್ಬರು ಡಾಕ್ಟರುಗಳು ಕೊಟ್ಟ ಮುಲಾಮು, ಆ್ಯಂಟಿಬಯಾಟಿಕ್ ಎಲ್ಲ ಮುಗಿಸಿದ್ದೆ. ಈಕೆ ನನ್ನ ಗಲ್ಲ, ದವಡೆ ನೋಡಿ, ತಿಂಗಳ ಲೆಕ್ಕ ಕೇಳಿ, ರಕ್ತ ಪರೀಕ್ಷೆಯ ಚೀಟಿ ಓದಿ, "ಇದು ಹಾರ್ಮೋನಿನ ಆಟ. ನೀವು ಮುಖಕ್ಕೆ ಏನು ಬಳಿದ್ರೂ ಅಷ್ಟೇ" ಎಂದರು. ಹತ್ತು ವರ್ಷದಲ್ಲಿ ಮೊದಲ ಸಲ ಯಾರೋ ಒಬ್ಬರು ತಪ್ಪು ನನ್ನದಲ್ಲ ಎಂದಿದ್ದರು. ಅಲ್ಲೇ ಅತ್ತುಬಿಡುತ್ತೇನೇನೋ ಅನ್ನಿಸಿತು.

"ಒಂದು ಹಾರ್ಮೋನ್ ಮಾತ್ರೆ ಇದೆ. ಗರ್ಭ ತಡೆಯೋಕೆ ಕೊಡೋ ಮಾತ್ರೆಯ ಜಾತಿಯದ್ದೇ. ಮೂರು ತಿಂಗಳು ಬೇಕು ಗುಣ ಕಾಣೋಕೆ. ಹೊಟ್ಟೆ ತೊಳೆಸತ್ತೆ, ತಲೆ ನೋಯತ್ತೆ, ಸ್ವಲ್ಪ ತೂಕ ಏರಬಹುದು. ಅಪರೂಪಕ್ಕೆ ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಅದು ಅಪಾಯ. ಅದಕ್ಕೇ ಕೇಳ್ತಿದ್ದೀನಿ. ಮನೇಲಿ ಯಾರಿಗಾದ್ರೂ ಹಾಗಾಗಿತ್ತಾ? ಅಮ್ಮ, ಚಿಕ್ಕಮ್ಮ, ಅಜ್ಜಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಮ್ಮನೇಲಿ ಯಾರಿಗೂ ಏನೂ ಇಲ್ಲ ಡಾಕ್ಟ್ರೇ. ಶೀತ ನೆಗಡಿ ಬಿಟ್ರೆ ಇನ್ನೊಂದಿಲ್ಲ" ಎಂದಳು. ಹುಡುಗನ ಕಡೆಯವರು ಕೇಳಿದಾಗ ಹೇಳುತ್ತಿದ್ದ ಉತ್ತರವೇ ಅದು, ಒಂದಕ್ಷರವೂ ಬದಲಾಗಿರಲಿಲ್ಲ. ಡಾಕ್ಟರು ಬಿ.ಪಿ. ನೋಡಿ ಬರೆದುಕೊಟ್ಟರು. ಒಂದೇ ಕಾಲು ಬಾತರೆ, ನೋವು ಬಂದರೆ, ಉಸಿರು ಕಟ್ಟಿದರೆ ಆ ಕ್ಷಣ ಬರಬೇಕು ಎಂದು ಎರಡು ಸಲ ಹೇಳಿದರು.

ಮದುವೆಯಾಗದವಳು ಆ ಮಾತ್ರೆಯನ್ನು ರವೀಂದ್ರನಗರದಲ್ಲಿ ಕೊಂಡರೆ ಸಂಜೆಯೊಳಗೆ ವಿದ್ಯಾನಗರದ ತನಕ ಸುದ್ದಿ ಹೋಗುತ್ತದೆ. ಹಾಗಾಗಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೊಂಡೆ. ಅಂಗಡಿಯ ಉಜ್ಜನಪ್ಪ ಚೀಟಿ ನೋಡಿದ, ಆಮೇಲೆ ನನ್ನ ಕುತ್ತಿಗೆ ನೋಡಿದ. ತಾಳಿ ಕಾಣದೆ, "ಯಾರಿಗಮ್ಮಾ?" ಎಂದ. "ಅಕ್ಕಂಗೆ" ಎಂದೆ. ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಅವನು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕದ್ದ ಮಾಲು ದಾಟಿಸುವವನಂತೆ ಕೈಗಿಟ್ಟ.

ಮೊದಲ ತಿಂಗಳು ನರಕ. ಬೆಳಗಿನ ಬಸ್ಸು ಭದ್ರಾವತಿ ಮುಟ್ಟುವಷ್ಟರಲ್ಲಿ ಹೊಟ್ಟೆ ಬಾಯಿಗೆ ಬರುತ್ತಿತ್ತು. ತಲೆ ಸಿಡಿಯುತ್ತಿತ್ತು, ರವಿಕೆ ಬಿಗಿಯಾಯಿತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಮೊಡವೆ ಇನ್ನಷ್ಟು ಹೆಚ್ಚಾಯಿತು. ಎಸೆದುಬಿಡೋಣ ಎಂದುಕೊಂಡೆ. ಎಸೆದರೆ ಮತ್ತೆ ಕಡಲೆಹಿಟ್ಟು. ಮೂರನೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೈಗೆ ಏನೂ ತಾಗಲಿಲ್ಲ. ನಂಬಿಕೆಯಾಗದೆ ಮತ್ತೆ ಸವರಿದೆ. ಗಲ್ಲ ನುಣ್ಣಗಿತ್ತು. ಹಳೆಯ ಕಲೆಗಳಿದ್ದವು, ಇರಲಿ, ಆದರೆ ಹೊಸದೊಂದೂ ಇರಲಿಲ್ಲ. ಅಂದು ಬಸ್ಸಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಯಾರೂ ನೋಡದೆ ಇರುವುದು ಇಷ್ಟು ದೊಡ್ಡ ಸುಖ ಎಂದು ನನಗೆ ಗೊತ್ತಿರಲಿಲ್ಲ. ವಾಂತಿ, ತಲೆನೋವು, ನಾಲ್ಕು ಕೆ.ಜಿ. ತೂಕ ಎಲ್ಲವನ್ನೂ ಒಂದು ಕಡೆ ಇಟ್ಟು ತೂಗಿದರೂ ಆ ಬೆಳಿಗ್ಗೆಯೇ ಭಾರವಾಗಿತ್ತು.

ಅಮ್ಮನಿಗೆ ಮಾತ್ರ ಖುಷಿಯಿಲ್ಲ. ಮೊದಲ ದಿನದಿಂದ ಅವಳದ್ದು ಒಂದೇ ರಗಳೆ, ಕಾರಣ ಮಾತ್ರ ದಿನಕ್ಕೊಂದು. "ಆ ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗಲ್ವಂತೆ." ಆಗುತ್ತವೆ ಎಂದು ಡಾಕ್ಟರ್ ಹೇಳಿದ್ದಾರೆ ಎಂದೆ. "ಉಷ್ಣ ಅದು, ಕೂದಲು ಉದುರತ್ತೆ." ಉದುರಲಿ ಎಂದೆ. "ಕಸದ ಬುಟ್ಟೀಲಿ ಆ ಕಾಗದ ಸಿಕ್ಕಿ ಕೆಲಸದ ದ್ಯಾಮಮ್ಮ ನೋಡಿದ್ರೆ ಏನು ತಿಳ್ಕೊಳಲ್ಲ?" ದ್ಯಾಮಮ್ಮನಿಗೆ ಓದಲು ಬರುವುದಿಲ್ಲ ಎಂದೆ. ಒಂದು ಕಾರಣಕ್ಕೂ ಕಾಲಿರಲಿಲ್ಲ. ಊರಿಗೆ ಹೆದರುವ ಹೆಂಗಸು, ಏನೋ ಬಡಬಡಿಸುತ್ತಾಳೆ ಎಂದು ನಾನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟೆ.

ನಾಲ್ಕನೇ ತಿಂಗಳ ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದು ಬೀರು ತೆಗೆದರೆ ಮಾತ್ರೆಯ ಹಾಳೆ ಇಲ್ಲ. ಹುಡುಕಿದೆ. ಅಮ್ಮ ಬಚ್ಚಲಲ್ಲಿ ನೀರು ಹುಯ್ಯುತ್ತಿದ್ದಳು. ಕಾಲಡಿಯಲ್ಲಿ ಖಾಲಿ ಹಾಳೆ ಬಿದ್ದಿತ್ತು. ಉಳಿದಿದ್ದ ಹದಿಮೂರು ಮಾತ್ರೆಯನ್ನೂ ಮೋರಿಗೆ ಹಾಕಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಂಗೇನಾಗಿದೆ? ನನ್ನ ಮುಖ ಒಂದು ಚೆನ್ನಾಗಾದ್ರೆ ನಿನ್ನ ಗಂಟೇನು ಹೋಗತ್ತೆ? ಹತ್ತು ವರ್ಷ ಹಿಟ್ಟು ಬಳಿದೆಯಲ್ಲ, ಆಗ ಸುಮ್ನಿದ್ನಲ್ಲ ನಾನು!"

"ಬೆಳಿಗ್ಗೆ ಕಾಲು ತಿಕ್ಕೊಳ್ತಾ ಇದ್ಯಲ್ಲೇ."

"ಬಸ್ಸಲ್ಲಿ ನಿಂತು ಬಂದ್ರೆ ನೋಯಲ್ವಾ?"

"ಯಾವ ಕಾಲು?"

"ಎಡಗಾಲು. ಈಗ ಅದ್ಯಾಕೆ?"

ಅಮ್ಮ ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ, ನಾನು ಕಂಡ ಹಾಗೆ ಮೊದಲ ಸಲ, ಸೀರೆಯನ್ನು ಮಂಡಿಯ ತನಕ ಎತ್ತಿದಳು. ಅವಳ ಎಡಗಾಲು ಬಲಗಾಲಿಗಿಂತ ದಪ್ಪ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ, ಪೇರಲೆ ಮರದಿಂದ ಬಿದ್ದಿದ್ದೆ ಎಂದಿದ್ದಳು. ಈಗ ನೋಡಿದರೆ ಪಾದದ ಹರಡಿನಿಂದ ಮೇಲಕ್ಕೆ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ ಬಿಗಿದುಕೊಂಡಿತ್ತು, ನರಗಳು ಗಂಟುಗಂಟಾಗಿದ್ದವು.

"ನೀನು ಹುಟ್ಟಿದ ಹದಿನೈದನೇ ದಿನಕ್ಕೆ ಕಾಲು ಬಾತು ಕಂಬ ಆಯ್ತು. ಮಂಗಳೂರಿಗೆ ಕರ್ಕೊಂಡು ಹೋದ್ರು. ರಕ್ತ ಗಂಟು ಕಟ್ಟಿದೆ, ಎದೆಗೆ ಹೋದ್ರೆ ಉಳಿಯಲ್ಲ ಅಂದ್ರು. ನಿಮ್ಮಪ್ಪನ ಮನೇಲಿ ಗೊತ್ತಾದ್ರೆ ರೋಗಿಷ್ಟೇನ ಕಟ್ಟಿದ್ರು ಅಂತಾರೆ ಅಂತ ನಮ್ಮಪ್ಪ ಹೇಳಲಿಲ್ಲ. ಚೊಚ್ಚಲು, ಐದು ತಿಂಗಳು ಬಾಣಂತನ ಮಾಡಿ ಕಳಿಸ್ತೀವಿ ಅಂದ್ರು."

ಐದು ತಿಂಗಳ ಬಾಣಂತನ! ನಮ್ಮ ನೆಂಟರಲ್ಲಿ ಅದು ಇವತ್ತಿಗೂ ದೊಡ್ಡ ಮಾತು. ಅಜ್ಜನ ಮನೆಯವರ ಕೈ ಎಷ್ಟು ಧಾರಾಳ ಎಂದು ಹೇಳುವಾಗಲೆಲ್ಲ ನನ್ನ ಅತ್ತೆಯರು ಹೊಟ್ಟೆಕಿಚ್ಚುಪಟ್ಟುಕೊಂಡು ಅದನ್ನೇ ಎತ್ತುತ್ತಿದ್ದರು.

"ಇನ್ನೊಂದು ಬಸಿರು ಬೇಡ ಅಂದಿದ್ರು. ದೇವರು ಕೊಡಲಿಲ್ಲ ಅಂತ ಹೇಳ್ಕೊಂಡು ಬಂದೆ."

"ಡಾಕ್ಟ್ರು ಕೇಳಿದ್ರಲ್ಲ ಅಮ್ಮ! ನಿನ್ನ ಮುಖ ನೋಡಿ, ಅಮ್ಮಂಗೆ ಆಗಿತ್ತಾ ಅಂತಾನೇ ಕೇಳಿದ್ರಲ್ಲ!"

"ಬಾಯಿಗೆ ಅದೇ ಬಂತು ಕಣೇ. ಯಾರು ಕೇಳಿದ್ರೂ ಅದೇ ಬರತ್ತೆ." ಅವಳು ಸೀರೆ ಇಳಿಸಿದಳು. "ಆಮೇಲೆ ಹೇಳೋಣ ಅನ್ಕೊಂಡೆ. ಹೇಗೆ ಹೇಳ್ಲಿ? ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ, ನೀನು ಕೇಳಿದ್ಯಾ?"

ಅಂದರೆ ತಪ್ಪು ನನ್ನದೇ! ಕೂದಲು ಉದುರುತ್ತದೆ ಎಂದಾಗ, ಕಾಲಿನ ನರದಲ್ಲಿ ರಕ್ತ ಗಟ್ಟಿಯಾಗುತ್ತದೆ ಎಂದು ನಾನು ಅರ್ಥ ಮಾಡಿಕೊಳ್ಳಬೇಕಿತ್ತು! ಜಗಳಕ್ಕೆ ಹೊತ್ತಿರಲಿಲ್ಲ. ಅಮ್ಮನನ್ನು ಆಟೋ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರ್ ದಾಕ್ಷಾಯಣಿ ಅಮ್ಮನ ಕಾಲನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ನನ್ನ ಕಾಲಿಗೆ ಸ್ಕ್ಯಾನ್ ಮಾಡಿಸಿದರು. ಸಂಜೆ ರಿಪೋರ್ಟ್ ಬಂತು. ಏನೂ ಇರಲಿಲ್ಲ. ಬಸ್ಸಿನಲ್ಲಿ ನಿಂತ ನೋವು, ಅಷ್ಟೇ.

"ಹಾಗಾದ್ರೆ ಮುಂದುವರಿಸಬಹುದಲ್ಲ?" ಎಂದೆ. ಆ ಪ್ರಶ್ನೆ ಕೇಳಲು ನನಗೇ ನಾಚಿಕೆಯಾಯಿತು, ಆದರೂ ಕೇಳಿದೆ.

"ಇಲ್ಲ. ಬೇರೆಯವರಿಗಾದ್ರೆ ವರ್ಷಕ್ಕೆ ಹತ್ತು ಸಾವಿರದಲ್ಲಿ ಹತ್ತು ಜನಕ್ಕೋ ಏನೋ ಆಗೋದು. ಹೆತ್ತ ತಾಯಿಗೇ ಆಗಿದೆ ಅಂದ್ಮೇಲೆ ನಿಮ್ಮ ಲೆಕ್ಕ ಬೇರೆ. ಮೊದ್ಲೇ ಗೊತ್ತಿದ್ರೆ ನಾನು ಬರೆದೇ ಕೊಡ್ತಿರಲಿಲ್ಲ. ಮೊಡವೆಯಿಂದ ಯಾರೂ ಸಾಯಲ್ಲ ಭವಾನಿಯವರೇ."

"ಬದುಕೋದೂ ಅಷ್ಟು ಸುಲಭ ಇಲ್ಲ ಡಾಕ್ಟ್ರೇ."

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬೇರೆ ಮುಲಾಮು ಇದೆ, ಬೇರೆ ಜಾತಿಯ ಮಾತ್ರೆಗಳಿವೆ, ಅವಕ್ಕೂ ಅವುಗಳದೇ ತೊಂದರೆಗಳಿವೆ, ನೋಡೋಣ ಎಂದರು. ಮೊಡವೆ ವಾಪಸು ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಅಮ್ಮನಿಗೆ ಬಿಗಿ ಕಾಲುಚೀಲ ಬರೆದುಕೊಟ್ಟು, "ಮೂವತ್ತಮೂರು ವರ್ಷ ಹೀಗೇ ಬಿಟ್ಟಿದ್ರಾ?" ಎಂದರು. ಕೊನೆಗೆ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಎರಡೂ ಕಡೆಯವರಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು, ಯಾರು ಯಾವುದರಿಂದ ಹೋದರು, ಎಲ್ಲ ತುಂಬಿಸಿ ತರಬೇಕಿತ್ತು.

ವಾಪಸು ಬರುವ ಆಟೋದಲ್ಲಿ ಅಮ್ಮ ನನ್ನ ಕೈ ಹಿಡಿಯಲು ನೋಡಿದಳು. ಎಳೆದುಕೊಂಡೆ. "ನಿನ್ನ ಕಾಲು ಮುಚ್ಚೋಕೆ ಸೀರೆ ಇತ್ತಮ್ಮ. ನನ್ನ ಮುಖ ಮುಚ್ಚೋಕೆ ಏನಿದೆ?" ಎಂದೆ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತೇನೋ.

ಅಪ್ಪ ಜಗುಲಿಯಲ್ಲೇ ಕಾಯುತ್ತಿದ್ದರು. "ಎಲ್ಲಿ ಹೋಗಿದ್ರಿ ಇಬ್ಬರೂ? ಡಾಕ್ಟ್ರು ಏನಂದ್ರು?"

ಅಮ್ಮ ಅಭ್ಯಾಸಬಲದಿಂದ "ಏನಿಲ್ಲ" ಎಂದಳು. ನಾನು ಅವಳನ್ನೇ ನೋಡುತ್ತ ನಿಂತೆ. ಅವಳು ಕಂಬಕ್ಕೊರಗಿ ಕೂತು ಎಲ್ಲವನ್ನೂ ಹೇಳಿದಳು. ಮಂಗಳೂರು, ರಕ್ತದ ಗಂಟು, ಐದು ತಿಂಗಳು, ದೇವರು ಕೊಡದ ಎರಡನೇ ಮಗು. ಅಪ್ಪ ರೇಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ರೇಗಲಿ ಎಂದೇ ಆಸೆಪಟ್ಟಿದ್ದೆ. ಈ ಮನೆಯಲ್ಲಿ ನನ್ನ ಜೊತೆ ಸಿಟ್ಟು ಮಾಡಿಕೊಳ್ಳಲು ಇನ್ನೊಬ್ಬರಾದರೂ ಬೇಕಿತ್ತು.

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಗೊತ್ತಿತ್ತು ಕಣೇ" ಎಂದರು.

ಅಮ್ಮ ತಲೆಯೆತ್ತಿದಳು.

"ನಿಮ್ಮಪ್ಪನೇ ಆವಾಗ ಬಂದು ಹೇಳಿ ಹೋಗಿದ್ರು. ಇನ್ನೊಂದು ಮಗು ಬೇಡ ಅಂದಿದ್ದಾರೆ, ಜೋಪಾನ ಅಂದ್ರು. ನಿಮಗೆ ಗೊತ್ತು ಅಂತ ಅವಳಿಗೆ ಗೊತ್ತಾಗೋದು ಬೇಡ, ನೊಂದ್ಕೊಳ್ತಾಳೆ ಅಂತ ಕೈ ಮುಗಿದ್ರು. ಅದಕ್ಕೇ ಸುಮ್ನಿದ್ದೆ."

ಅಮ್ಮನ ಮುಖದಲ್ಲಿ ಏನೋ ಕರಗಿತು. ಮೂವತ್ತಮೂರು ವರ್ಷದ ಭಾರ ಇಳಿದ ಹಾಗೆ ಅವಳು ಅಪ್ಪನನ್ನು ನೋಡಿದಳು, ಅಪ್ಪ ಅವಳನ್ನು ನೋಡಿದರು. ಬೇರೆ ಯಾರದಾದರೂ ಅಪ್ಪ ಅಮ್ಮ ಆಗಿದ್ದರೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

"ಅಪ್ಪ, ನಾನು ನಾಲ್ಕು ತಿಂಗಳಿಂದ ಯಾವ ಮಾತ್ರೆ ತಿಂತಿದ್ದೆ ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಅಮ್ಮ ಜೊತೇಲಿ ಹೋಗಿದ್ಲಲ್ಲ, ಅವಳೇ ಡಾಕ್ಟ್ರಿಗೆ ಕಾಲಿನ ವಿಷಯ ಹೇಳಿರ್ತಾಳೆ ಅನ್ಕೊಂಡೆ."

ಇವಳು ಅವರಿಗೆ ಗೊತ್ತಾಗಬಾರದೆಂದು ಹೇಳಲಿಲ್ಲ. ಅವರು ತಮಗೆ ಗೊತ್ತಿದೆಯೆಂದು ಇವಳಿಗೆ ಗೊತ್ತಾಗಬಾರದೆಂದು ಹೇಳಲಿಲ್ಲ. ಒಬ್ಬರ ಮರ್ಯಾದೆ ಒಬ್ಬರು ಕಾಪಾಡಿಕೊಂಡು ಎಷ್ಟು ಚೆನ್ನಾಗಿ ಸಂಸಾರ ಮಾಡಿದ್ದಾರೆ! ಏನೂ ಗೊತ್ತಿಲ್ಲದವಳೆಂದರೆ ಮಾತ್ರೆ ನುಂಗುತ್ತಿದ್ದ ನಾನೊಬ್ಬಳೇ.

ಕೂಗಾಡಲಿಲ್ಲ. ಕೂಗಾಡುವ ಶಕ್ತಿಯೇ ಇರಲಿಲ್ಲ. ಒಳಗೆ ಹೋಗಿ ಪೆನ್ನು ತಂದೆ. ಡಾಕ್ಟರು ಕೊಟ್ಟ ಹಾಳೆಯನ್ನು ಅವರಿಬ್ಬರ ನಡುವೆ ನೆಲದ ಮೇಲೆ ಹರಡಿ ಕೂತೆ.

"ಹೇಳಿ" ಎಂದೆ. "ಎರಡೂ ಕಡೆಯವರದ್ದು. ಯಾರಿಗೆ ಏನಿತ್ತು, ಯಾರು ಯಾವುದರಿಂದ ಸತ್ರು. ಅಪ್ಪ, ಮೊದಲು ನಿಮ್ಮ ಕಡೆ."

ಅಪ್ಪ ಕನ್ನಡಕ ಹಾಕಿಕೊಂಡರು. ಹಾಳೆ ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದು ಕೂತರು.