ಸಡಿಲ ಬಿಟ್ಟ ನಟ್ಟು

ಅಪ್ಪನ ಕಾಲದ ಅಂಬಾಸಿಡರಿನ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಬರುತ್ತಿದ್ದರೂ ಬೋರಲಿಂಗಯ್ಯ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಗ್ಯಾರೇಜಿನವರು ಹಳೆಯ ಗಟ್ಟಿ ಸಾಮಾನು ಬಿಚ್ಚಿಕೊಂಡು ಹೊಸ ತಗಡು ಜೋಡಿಸುತ್ತಾರೆ ಎಂಬ ಗುಮಾನಿ ಅವನಿಗೆ. ಕೊನೆಗೆ ಮಾಗಡಿಯ ಸಿದ್ದರಾಮುವಿನ ಗ್ಯಾರೇಜಿಗೆ ತಂದವನು ಸ್ಟೂಲ್ ಎಳೆದುಕೊಂಡು ಚಕ್ರದ ಪಕ್ಕದಲ್ಲೇ ಕೂತ. ತರಿಸಿಕೊಟ್ಟ ಟೀಯನ್ನೂ ಮುಟ್ಟಲಿಲ್ಲ. ಲೋಟದ ಕಡೆ ನೋಡುವಷ್ಟರಲ್ಲಿ ಏನು ಮಾಯವಾದೀತೋ!

ಸಿದ್ದರಾಮು ಜಾಕ್ ಏರಿಸಿ, ಸಸ್ಪೆನ್ಷನ್ ಕೂರುವ ಜಾಗದಲ್ಲಿ ಸವೆದಿದ್ದ, ಬಳೆಯಂಥ ರಬ್ಬರ್ ಬುಷ್ ತೆಗೆದು ಹೊಸದನ್ನು ಹಾಕಿದ. ನಟ್ಟನ್ನು ಬೆರಳಲ್ಲೇ ತಿರುಗಿಸಿ, "ಊಟ ಮಾಡ್ಕಂಡ್ ಬತ್ತೀನಿ ಕಣಣ್ಣ" ಎಂದು ಹೋದ.

ನಟ್ಟು ಸಡಿಲವಾಗಿತ್ತು. ಬೇಕೆಂದೇ ಬಿಟ್ಟಿದ್ದಾನೆ, ನಾಳೆ ಮತ್ತೆ ಸದ್ದು ಬಂದು ನಾನು ಇಲ್ಲಿಗೇ ಓಡಿಬರಲಿ ಅಂತ. ಬೋರಲಿಂಗಯ್ಯ ಪಂಚೆ ಎತ್ತಿಕಟ್ಟಿ ಕಾರಿನಡಿ ತೂರಿದ. ಸ್ಪ್ಯಾನರ್ ಹಿಡಿದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನಟ್ಟು ಬಿಗಿದ.

ಸಿದ್ದರಾಮು ಬಂದು ಜಾಕ್ ಇಳಿಸಿ ಬಗ್ಗಿ ನೋಡಿದ. ಹೊಸ ರಬ್ಬರ್ ತಿರುಚಿಕೊಂಡು ಸೀಳಿಹೋಗಿತ್ತು.

"ಯಾರೋ ಆಗ್ಲೇ ಬಿಗ್ದ್‌ಬುಟ್ಟವ್ರೆ. ಗಾಡಿ ಭಾರ ನೆಲಕ್ ಬಿದ್ಮೇಲೆ ಬಿಗೀಬೇಕು ಇದ್ನ, ಇಲ್ದಿದ್ರೆ ರಬ್ಬರ್ ಸೀಳೋಯ್ತದೆ. ಅದ್ಕೇ ಸಡ್ಲ ಬುಟ್ಟಿದ್ದೆ. ನೀವು ಅತ್ಲಾಗ್ ಹೋಗಿದ್ರಾ ಅಣ್ಣ?"

"ಹೂಂ, ಟೀ ಕುಡ್ಯಕ್ಕೆ" ಎಂದ ಬೋರಲಿಂಗಯ್ಯ, ಗ್ರೀಸ್ ಮೆತ್ತಿದ ಕೈಯನ್ನು ಹೆಗಲ ಮೇಲಿನ ಟವಲಿನಡಿ ಸರಿಸುತ್ತ.

ಸಿದ್ದರಾಮು ಸ್ಟೂಲಿನ ಪಕ್ಕ ಕೆನೆಗಟ್ಟಿ ನಿಂತಿದ್ದ ಟೀ ಲೋಟವನ್ನು ನೋಡಿದ. ಆಮೇಲೆ ಟವಲನ್ನು ನೋಡಿದ.

"ಇನ್ನೊಂದ್ ಬುಷ್ ತತ್ತೀನಿ. ಅಲ್ಲೀಗಂಟ ಗಾಡಿ ಒಸಿ ಕಾಯ್ಕಂಡಿರಿ. ಇಲ್ಲಿ ನಿಮ್ಮೊಬ್ರನ್ನ ಬುಟ್ಟು ಯಾರ್ನೂ ನಂಬಂಗಿಲ್ಲ."